ಫ್ರಿಗೇಟ್ ಕ್ಯಾಮ್ರಾ ರೆಕಾರ್ಡರ್‌ನ ಹಾಲ್‌ನ ಟೀವಿಲಿ ಫುಲ್ ಸ್ಕ್ರೀನ್ ಹಾಕ್ಕೊಂಡು ನೋಡಿದ್ರೆ ಹೇಗೆ? ಬಳಸಿದವನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಕ್ಯಾಮ್ರಾ ಚಿತ್ರ ರೆಕಾರ್ಡ್ ಮಾಡೋ ಫ್ರಿಗೇಟ್ ಅನ್ನೋ ಸಾಫ್ಟ್‌ವೇರ್ ಚೆನ್ನಾಗಿದೆ, ದುಡ್ಡಿಲ್ಲದೆ ಸಿಗೋದ್ರಲ್ಲಿ ಇಷ್ಟು ಚೆನ್ನಾಗಿರೋದು ನಾನು ಬೇರೆ ನೋಡಿಲ್ಲ. ಆದ್ರೆ ಬ್ರೌಸರಲ್ಲಿ ತೆಗೆಯೋ ಅದರ ಪುಟನ ಟೀವಿ ಮೇಲೆ ಪರದೆ ತುಂಬಾ ದಿನಪೂರ್ತಿ ಇಟ್ಕೋಬೇಕು ಅಂದ್ರೆ ಟೀವಿ ಒಳಗಡೆ ಇರೋ ಬ್ರೌಸರ್ ನಂಬ್ಕೊಂಡು ಕೂರ್ಬೇಡಿ, ಟೀವಿ ಹಿಂದೆ ಒಂದು ಸಣ್ಣ ಡಬ್ಬಿ ಕಂಪ್ಯೂಟರ್ ಬೇಕೇ ಬೇಕು, ಮತ್ತೆ ಆ ಡಬ್ಬಿಗೆ ಒಂದಿಷ್ಟು ಬುದ್ಧಿ ಹೇಳಿಕೊಡ್ಬೇಕು. ನಾನು ಇದನ್ನೆಲ್ಲ ಅಳೆಯೋದು ಒಂದೇ ಒಂದು ವಿಷಯದಿಂದ: ಕರೆಂಟ್ ಹೋಗಿ ಬಂದ್ಮೇಲೆ ಮನೇಲಿ ಯಾರೂ ರಿಮೋಟ್ ಮುಟ್ಟದೇ ಚಿತ್ರ ತಾನಾಗೇ ವಾಪಸ್ ಬರುತ್ತಾ ಇಲ್ವಾ. ಬಂದ್ರೆ ಪಾಸು, ಇಲ್ಲಾಂದ್ರೆ ಅದೆಷ್ಟೇ ಚಂದ ಇದ್ರೂ ಫೇಲು.

ನಮ್ಮದು ಶಿರಸಿ ಕಡೆ ತೋಟದ ಮನೆ. ಚಾಲಿ ಅಡಿಕೆ ಒಣಗಿಸೋ ಕಾಲದಲ್ಲಿ ಹೆಚ್ಚುಕಮ್ಮಿ ಒಂದೂವರೆ ತಿಂಗಳು ಬೆಳೆ ಅಂಗಳದಲ್ಲೇ ಬಿದ್ದಿರುತ್ತೆ, ವರ್ಷದ ದುಡಿಮೆ ಪೂರ್ತಿ ಬಯಲಲ್ಲಿ. ಅದಕ್ಕೆ ಅಂಗಳಕ್ಕೆ ಎರಡು, ಗೇಟಿಗೆ ಒಂದು, ಕೊಟ್ಟಿಗೆ ಹತ್ರ ಒಂದು ಕ್ಯಾಮ್ರಾ ಹಾಕಿಸಿದ್ದೀವಿ. ನಾನು ಬೆಂಗಳೂರಲ್ಲಿ ಕೂತು ಫೋನಲ್ಲಿ ನೋಡ್ತೀನಿ, ಅದು ಸಮಸ್ಯೆನೇ ಅಲ್ಲ. ಸಮಸ್ಯೆ ಇರೋದು ಅಪ್ಪಂಗೆ ಮತ್ತೆ ಆಯಿಗೆ. ಅವರಿಗೆ ಫೋನಿನ ಆ ಸಣ್ಣ ಪರದೇಲಿ ನಾಲ್ಕು ಚಿತ್ರ ನೋಡೋಕಾಗಲ್ಲ, ಆಪ್ ತೆಗೆಯೋದು ಪಾಸ್‌ವರ್ಡ್ ಹಾಕೋದು ಇದೆಲ್ಲ ಬೇಡ, ಹಾಲಲ್ಲಿ ಕೂತ್ರೆ ಟೀವೀಲಿ ಅಂಗಳ ಕಾಣ್ಬೇಕು, ಅಷ್ಟೇ.

ನಿಮ್ಮ ರೆಕಾರ್ಡರ್ ಡಬ್ಬಿ ಟೀವಿ ಪಕ್ಕದಲ್ಲೇ ಇದ್ರೆ ಈ ರಿವ್ಯೂ ಓದೋದೇ ಬೇಡ, ಸುಮ್ನೆ ಒಂದು ಎಚ್‌ಡಿಎಂಐ ವೈರ್ ಚುಚ್ಚಿ, ಮುಗೀತು. ಕ್ಯಾಮ್ರಾ ಅಂಗಡಿಯವರು ಕೊಡೋ ಎನ್‌ವಿಆರ್, ಅಂದ್ರೆ ರೆಕಾರ್ಡರ್ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಎಚ್‌ಡಿಎಂಐ ಇರುತ್ತೆ. ಡಬ್ಬಿ ಬೇರೆ ಕೋಣೇಲಿದ್ರೂ ಐದು ಮೀಟರ್ ತನಕ ಸಾದಾ ವೈರೇ ನಡೆಯುತ್ತೆ, ಅದಕ್ಕಿಂತ ದೂರ ಆದ್ರೆ ನೆಟ್‌ವರ್ಕ್ ಕೇಬಲ್ ಮೇಲೆ ಎಚ್‌ಡಿಎಂಐ ಸಾಗಿಸೋ ಎಕ್ಸ್‌ಟೆಂಡರ್ ಜೋಡಿ ಸಿಗುತ್ತೆ. ನಾನು ಆ ದಾರಿ ಹಿಡೀಲಿಲ್ಲ ಯಾಕಂದ್ರೆ ನಂಗೆ ಬೇಕಿದ್ದಿದ್ದು ಬರೀ ಚಿತ್ರ ಅಲ್ಲ, ಮನುಷ್ಯ ಬಂದ್ರೆ ಮಾತ್ರ ಹೇಳೋ ರೆಕಾರ್ಡರ್. ಮಾಮೂಲಿ ಎನ್‌ವಿಆರ್‌ನ ಚಲನೆ ಅಲಾರಂ ಅಂದ್ರೆ ನಮ್ಮಲ್ಲಿ ಗಾಳಿಗೆ ಅಡಿಕೆ ಸೋಗೆ ಅಲ್ಲಾಡಿದ್ರೂ ಕುಂಯ್ ಅನ್ನುತ್ತೆ, ಜೇಡ ಲೆನ್ಸ್ ಮುಂದೆ ಬಲೆ ಕಟ್ಟಿದ್ರಂತೂ ರಾತ್ರಿಯಿಡೀ ಕುಂಯ್. ಇನ್ನು ಹಳೇ ಎನ್‌ವಿಆರ್‌ಗಳ ವೆಬ್ ಪುಟದ ಕಥೆ ಬೇಡವೇ ಬೇಡ, ಅವು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮತ್ತೆ ಅದರ ಆಕ್ಟಿವ್‌ಎಕ್ಸ್ ಪ್ಲಗಿನ್ ಕೇಳ್ತವೆ, ಆ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್‌ನೋರೇ 2022ರ ಜೂನ್‌ನಲ್ಲಿ ಎಳ್ಳುನೀರು ಬಿಟ್ರು.

ಫ್ರಿಗೇಟ್ ಬಗ್ಗೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ. ಓಪನ್ ಸೋರ್ಸ್, ಎಂಐಟಿ ಲೈಸೆನ್ಸ್, ನಿಮ್ಮ ಮನೆಯದ್ದೇ ಒಂದು ಕಂಪ್ಯೂಟರಲ್ಲಿ ಡಾಕರ್ (ಸಾಫ್ಟ್‌ವೇರನ್ನ ಪ್ರತ್ಯೇಕ ಪೆಟ್ಟಿಗೇಲಿ ಇಟ್ಟು ಓಡಿಸೋ ವ್ಯವಸ್ಥೆ) ಒಳಗೆ ಓಡುತ್ತೆ, ಕ್ಯಾಮ್ರಾಗಳಿಂದ ಆರ್‌ಟಿಎಸ್‌ಪಿ (ವಿಡಿಯೋನ ನೆಟ್‌ವರ್ಕಲ್ಲಿ ಕಳ್ಸೋ ವಿಧಾನ) ಸ್ಟ್ರೀಮ್ ತಗೊಂಡು ರೆಕಾರ್ಡ್ ಮಾಡುತ್ತೆ, ಚಿತ್ರದಲ್ಲಿ ಇರೋದು ಮನುಷ್ಯನಾ ಕಾರಾ ನಾಯಿನಾ ಅಂತ ಅಲ್ಲೇ ಗುರುತಿಸುತ್ತೆ, ಯಾವ ಕ್ಲೌಡಿಗೂ ವಿಡಿಯೋ ಕಳ್ಸಲ್ಲ. ನಂದು ಓಡ್ತಿರೋದು ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ಮೇಲೆ, ಗುರುತಿಸೋ ಕೆಲಸನ ಅದರ ಒಳಗಿನ ಗ್ರಾಫಿಕ್ಸೇ ಇಂಟೆಲ್‌ನ ಓಪನ್‌ವಿನೋ ಸಾಫ್ಟ್‌ವೇರ್ ಮೂಲಕ ಮಾಡುತ್ತೆ, ಅದೇ ಕೆಲಸಕ್ಕಿರೋ ಗೂಗಲ್ ಕೋರಲ್ ಅಂತ ಬೇರೆ ಯುಎಸ್‌ಬಿ ಕಡ್ಡಿ ಹುಡ್ಕೊಂಡು ಹೋಗೋ ಅಗತ್ಯ ಬೀಳ್ಲಿಲ್ಲ. ಡಿಸ್ಕ್ ಲೆಕ್ಕ ಮಾತ್ರ ಮೊದ್ಲೇ ಹಾಕ್ಕೊಳ್ಳಿ: ಒಂದು ಕ್ಯಾಮ್ರಾ 4 ಎಂಬಿಪಿಎಸ್‌ನಲ್ಲಿ ದಿನಪೂರ್ತಿ ಬರ್ದ್ರೆ ಸುಮಾರು 43 ಜಿಬಿ, ನಾಲ್ಕಕ್ಕೆ 170ರ ಮೇಲೆ, 2 ಟಿಬಿ ಡಿಸ್ಕ್ ಅಂದ್ರೆ ಹನ್ನೊಂದು ದಿನದಷ್ಟು.

ಒಂದು ತಮಾಷೆ ಹೇಳ್ತೀನಿ. ಇದರ ಜೊತೆ ಬರೋ, ವಸ್ತು ಗುರುತಿಸೋ ಮಾಡೆಲ್ ತರಬೇತಿ ಆಗಿರೋದು ಕೋಕೋ ಅನ್ನೋ ಚಿತ್ರಸಂಗ್ರಹದ ಮೇಲೆ, ಮೈಕ್ರೋಸಾಫ್ಟ್ 2014ರಲ್ಲಿ ಬಿಟ್ಟಿದ್ದು, ಅದರಲ್ಲಿ 80 ಬಗೆ ವಸ್ತು. ದನ ಇದೆ, ಕುರಿ ಇದೆ, ಆನೆ ಇದೆ, ಕರಡಿ ಇದೆ, ಜೀಬ್ರಾ ಜಿರಾಫೆ ಎರಡೂ ಇದೆ. ಮಂಗ ಇಲ್ಲ! ಕಾಡುಹಂದಿನೂ ಇಲ್ಲ! ಮಲೆನಾಡಲ್ಲಿ ತೋಟ ಇಟ್ಕೊಂಡೋರಿಗೆ ಬೇಕಾದ ಎರಡೇ ಎರಡು ಪ್ರಾಣಿ ಬಿಟ್ಟು ಆಫ್ರಿಕಾದ್ದೆಲ್ಲ ಇದೆ. ಮತ್ತೆ ಏನೂ ಬದಲಾಯಿಸದೇ ಬಿಟ್ರೆ ಅದು ಮನುಷ್ಯನ್ನ ಮಾತ್ರ ಹಿಂಬಾಲಿಸುತ್ತೆ, ದನ ನಾಯಿ ಬೇಕಂದ್ರೆ ನಾವೇ ಕಾನ್ಫಿಗ್ (ಸೆಟ್ಟಿಂಗ್ ಬರೆಯೋ) ಫೈಲಲ್ಲಿ ಸೇರಿಸ್ಬೇಕು. ಇರ್ಲಿ, ಕಳ್ಳ ಮನುಷ್ಯನೇ ತಾನೆ, ಅವನ್ನಂತೂ ಹಿಡಿಯುತ್ತೆ.

ಈಗ ಟೀವಿ ವಿಷಯಕ್ಕೆ ಬರೋಣ.

ಎಲ್ರೂ ಮೊದ್ಲು ಮಾಡೋದು ಟೀವಿ ಬ್ರೌಸರ್ ತೆಗೆದು ವಿಳಾಸ ಹಾಕೋದು. ರಿಮೋಟಲ್ಲಿ ಒಂದೊಂದೇ ಅಂಕಿ ಆರಿಸಿ ಐಪಿ ವಿಳಾಸ ಹಾಕೋ ಕರ್ಮ ಹಾಗಿರ್ಲಿ, ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಟೀವಿಗಳ ಬ್ರೌಸರ್ ಎಂಜಿನ್ನು ಟೀವಿ ತಯಾರಾದ ವರ್ಷಕ್ಕಿಂತ ಹಿಂದಿನದ್ದಾಗಿರುತ್ತೆ. ಉದಾಹರಣೆಗೆ ಎಲ್‌ಜಿಯ 2020ರ ಟೀವಿಗಳಲ್ಲಿ ಬಂದ ವೆಬ್‌ಓಎಸ್ 5ರಲ್ಲಿ ಇರೋದು ಕ್ರೋಮಿಯಂ (ಕ್ರೋಮ್ ಬ್ರೌಸರಿನ ಓಪನ್ ಸೋರ್ಸ್ ಮೂಲ) 68, ಅದು 2018ರದ್ದು. ಸ್ಯಾಮ್ಸಂಗ್‌ನ ಅದೇ ವರ್ಷದ ಟೈಜೆನ್ 5.5ರಲ್ಲಿ 69. ಫ್ರಿಗೇಟ್ ತನ್ನ ಪುಟನ 0.14ನೇ ಆವೃತ್ತಿಲಿ, ಅಂದ್ರೆ 2024ರಲ್ಲಿ, ಪೂರ್ತಿ ಹೊಸದಾಗಿ ಬರ್ದಿದೆ, ಹೊಸ ಕಾಲದ ಜಾವಾಸ್ಕ್ರಿಪ್ಟ್. ಅಷ್ಟು ಹಳೇ ಎಂಜಿನ್ನಿಗೆ ಇದು ಅರ್ಥ ಆಗೋ ಭಾಷೆ ಅಲ್ಲ. ಇನ್ನು ಆಂಡ್ರಾಯ್ಡ್ ಟೀವಿ ಆದ್ರೆ ಅದರ ಪ್ಲೇ ಸ್ಟೋರಲ್ಲಿ ಕ್ರೋಮ್ ಬ್ರೌಸರೇ ಸಿಗಲ್ಲ, ಟೀವಿ ಬ್ರೋ ಅಂತ ಒಂದು ಓಪನ್ ಸೋರ್ಸ್ ಬ್ರೌಸರ್ ಇದೆ, ರಿಮೋಟಿನ ಬಾಣದ ಗುಂಡಿಯಿಂದ ಮೌಸ್ ಓಡಿಸಬಹುದು, ಒಂದ್ಸಲ ನೋಡೋಕೆ ಪರವಾಗಿಲ್ಲ. ಆದ್ರೆ ನನ್ನ ಪರೀಕ್ಷೆ ಗೊತ್ತಲ್ಲ, ಕರೆಂಟ್ ಹೋಗಿ ಬಂದ್ರೆ? ಟೀವಿ ಹೋಮ್ ಸ್ಕ್ರೀನಿಗೆ ಬಂದು ಯಾವ್ದೋ ವೆಬ್ ಸೀರೀಸ್ ಜಾಹೀರಾತು ತೋರಿಸ್ತಾ ನಿಂತಿರುತ್ತೆ. ಅಲ್ಲಿಂದ ಬ್ರೌಸರ್ ತನಕ ಆಯಿ ಹೋಗ್ತಾಳಾ? ಹೋಗಲ್ಲ.

ಮತ್ತೆ ಫುಲ್ ಸ್ಕ್ರೀನ್ ಅನ್ನೋದರಲ್ಲೇ ಒಂದು ಗಂಟಿದೆ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ವೆಬ್ ಪುಟ ತಾನಾಗೇ ಪರದೆ ತುಂಬಿಕೊಳ್ಳೋ ಹಾಗಿಲ್ಲ, ಬ್ರೌಸರ್‌ಗಳ ನಿಯಮನೇ ಹಾಗಿದೆ, ಮನುಷ್ಯ ಒಂದು ಕ್ಲಿಕ್ಕೋ ಕೀಲಿಯೋ ಒತ್ತಿದ್ರೆ ಮಾತ್ರ ಪುಟಕ್ಕೆ ಫುಲ್ ಸ್ಕ್ರೀನ್ ಅನುಮತಿ. ಮೋಸದ ಪುಟಗಳು ಪರದೆ ಆಕ್ರಮಿಸಿ ಬ್ಯಾಂಕಿನ ಥರ ನಾಟಕ ಆಡ್ಬಾರ್ದು ಅಂತ ಇರೋ ರಕ್ಷಣೆ ಅದು, ಸರಿನೇ. ಫ್ರಿಗೇಟಿನ ಲೈವ್ ಪುಟದ ಕೆಳಗೆ ಬಲ ಮೂಲೇಲಿ ಫುಲ್ ಸ್ಕ್ರೀನ್ ಗುಂಡಿ ಇದೆ, ಒತ್ತಿದ್ರೆ ಎಡಗಡೆ ಮೆನು ಪಟ್ಟಿ ಮೇಲ್ಗಡೆ ವಿಳಾಸದ ಪಟ್ಟಿ ಎಲ್ಲ ಹೋಗಿ ಬರೀ ಕ್ಯಾಮ್ರಾ ಉಳಿಯುತ್ತೆ, ನೋಡೋಕೆ ಬಹಳ ಚಂದ. ಆದ್ರೆ ಪುಟ ರಿಫ್ರೆಶ್ ಆದ ತಕ್ಷಣ ಮತ್ತೆ ಒತ್ತಬೇಕು. ಅದಕ್ಕೇ ಕಿಯಾಸ್ಕ್ ಮೋಡ್ ಬೇಕಾಗೋದು, ಅಲ್ಲಿ ಪುಟ ಅನುಮತಿ ಕೇಳೋ ಪ್ರಶ್ನೆನೇ ಇಲ್ಲ, ಬ್ರೌಸರೇ ಹುಟ್ಟುತ್ತಾ ಪರದೆ ತುಂಬಿಕೊಂಡು ಹುಟ್ಟುತ್ತೆ.

ಹಾಗಾಗಿ ನಾನು ಟೀವಿ ಹಿಂದೆ ಕೂರಿಸಿದ್ದು ರಾಸ್ಪ್‌ಬೆರಿ ಪೈ 4, ಅಂಗೈಯಷ್ಟು ಕಂಪ್ಯೂಟರ್. ಐದು ಬಂದಿದೆಯಲ್ಲ ಅದ್ಯಾಕೆ ತಗೊಳ್ಲಿಲ್ಲ ಅಂತ ಕೇಳ್ಬಹುದು. 2023ರ ಪೈ 5 ಎಲ್ಲದರಲ್ಲೂ ವೇಗ, ಆದ್ರೆ ಅದರಿಂದ ಎಚ್.264 ಹಾರ್ಡ್‌ವೇರ್ ಡಿಕೋಡರ್ (ಎಚ್.264, ಎಚ್.265 ಅಂದ್ರೆ ವಿಡಿಯೋ ಕುಗ್ಗಿಸೋ ವಿಧಾನ, ಡಿಕೋಡರ್ ಅಂದ್ರೆ ಅದನ್ನ ಬಿಡಿಸೋ ಚಿಪ್ಪಿನ ಭಾಗ) ತೆಗೆದುಬಿಟ್ಟಿದ್ದಾರೆ, ಎಚ್.265ದು ಮಾತ್ರ ಇಟ್ಟಿದ್ದಾರೆ. 2019ರ ಪೈ 4ರಲ್ಲಿ ಎರಡೂ ಇದೆ. ಪೈ 5ರ ಪ್ರೊಸೆಸರ್ ಗಟ್ಟಿ ಇರೋದ್ರಿಂದ ನಾಲ್ಕಾರು ಸಣ್ಣ ಸ್ಟ್ರೀಮನ್ನ ಹಾರ್ಡ್‌ವೇರ್ ಸಹಾಯ ಇಲ್ದೆನೂ ಎಳೆಯುತ್ತೆ, ಬಿಸಿ ಆಗುತ್ತೆ ಅಷ್ಟೆ. ನಿಮ್ಮ ಹತ್ರ ಹಳೇ ಮಿನಿ ಪಿಸಿ ಇದ್ರೆ ಇನ್ನೂ ಒಳ್ಳೇದು, ಅದನ್ನೇ ಹಾಕಿ. ಪೈ ತಗೊಳ್ಳೋರು ಮೈಕ್ರೋ ಎಚ್‌ಡಿಎಂಐ ವೈರ್ ಜೊತೆಗೇ ತಗೊಳ್ಳಿ, ಮಾಮೂಲಿ ವೈರ್ ಹಿಡಿಯಲ್ಲ, ಮತ್ತೆ ಎರಡು ಎಚ್‌ಡಿಎಂಐ ತೂತಲ್ಲಿ ಪವರ್ ಪಕ್ಕದ್ದಕ್ಕೆ ಚುಚ್ಚಿ. ಟೀವಿ 4ಕೆ ಇದ್ರೂ ಪೈನ 1080ರಲ್ಲೇ ಇಡಿ. ನಾಲ್ಕು ಕ್ಯಾಮ್ರಾ ಚಿತ್ರ ನಾಲ್ಕು ಭಾಗ ಆದ್ಮೇಲೆ 4ಕೆ ಇಟ್ಕೊಂಡು ಏನು ಉಪಯೋಗ?

ಇಲ್ಲಿಂದ ಮುಂದೆ ಕಷ್ಟದ ಭಾಗ. ಪೈ ಆನ್ ಆದ್ರೆ ಕ್ರೋಮಿಯಂ ಕಿಯಾಸ್ಕ್ ಮೋಡಲ್ಲಿ ಫ್ರಿಗೇಟ್ ಪುಟದ ಜೊತೆ ತೆಗೆಯೋ ಹಾಗೆ ಆಟೋಸ್ಟಾರ್ಟ್ ಫೈಲಲ್ಲಿ ಒಂದು ಸಾಲು ಬರೆಯೋದು, ಪರದೆ ಕಪ್ಪಾಗೋ ಸೆಟ್ಟಿಂಗ್ ಆಫ್ ಮಾಡೋದು, ಇದು ಎಲ್ಲಿ ಹುಡುಕಿದ್ರೂ ಸಿಗುತ್ತೆ. ಸಿಗದೇ ಇರೋದು ಇವು.

ಕರೆಂಟ್ ಹೋಗಿ ಬಂದಾಗ ಕ್ರೋಮಿಯಂಗೆ ತಾನು ಸರಿಯಾಗಿ ಮುಚ್ಚಿಕೊಂಡಿಲ್ಲ ಅಂತ ಗೊತ್ತಾಗುತ್ತೆ, ಹಾಗಾಗಿ ಮೂಲೇಲಿ ಹಳೇ ಪುಟಗಳನ್ನ ವಾಪಸ್ ತರ್ಲಾ ಅಂತ ಒಂದು ಚೀಟಿ ತೋರಿಸ್ತಾ ನಿಲ್ಲುತ್ತೆ, ಯಾರಾದ್ರೂ ಬಂದು ಒತ್ತೋ ತನಕ. ಇದಕ್ಕೆ ಜನ ಕೊಡೋ ಸುಲಭದ ಉಪಾಯ ಅಂದ್ರೆ ಇನ್‌ಕಾಗ್ನಿಟೋ ಮೋಡಲ್ಲಿ ಓಡ್ಸಿ ಅಂತ. ಓಡ್ಸಬೇಡಿ! ಯಾಕಂದ್ರೆ ಫ್ರಿಗೇಟಲ್ಲಿ ಟೀವಿಗೆ ಬೇಕಾದ ಒಂದು ಮುಖ್ಯ ಸೆಟ್ಟಿಂಗ್ ಸರ್ವರಲ್ಲಿ ಇರಲ್ಲ, ಬ್ರೌಸರಿನ ಒಳಗಡೆ ಇರುತ್ತೆ, ಇನ್‌ಕಾಗ್ನಿಟೋ ಅದನ್ನ ಪ್ರತಿಸಲ ಅಳಿಸಿ ಹಾಕುತ್ತೆ. ಬದಲಿಗೆ ಕ್ರ್ಯಾಶ್ ಚೀಟಿ ಮುಚ್ಚೋಕೆ ಅಂತಲೇ ಕ್ರೋಮಿಯಂಗೆ ಒಂದು ಫ್ಲ್ಯಾಗ್ (ಶುರು ಮಾಡೋ ಸಾಲಲ್ಲಿ ಸೇರಿಸೋ ಆಯ್ಕೆ) ಇದೆ, ಅದನ್ನ ಹಾಕಿ.

ಆ ಸೆಟ್ಟಿಂಗ್ ಯಾವ್ದು ಅಂದ್ರೆ, ಸ್ಮಾರ್ಟ್ ಸ್ಟ್ರೀಮಿಂಗ್. ಫ್ರಿಗೇಟಿನ ಲೈವ್ ಪುಟದಲ್ಲಿ ಏನೂ ನಡೀತಿಲ್ಲ ಅಂದ್ರೆ ಅದು ವಿಡಿಯೋ ತೋರಿಸಲ್ಲ, ನಿಮಿಷಕ್ಕೆ ಒಂದು ಫೋಟೋ ಬದಲಾಯಿಸ್ತಾ ಇರುತ್ತೆ, ಚಲನೆ ಕಂಡ ಕೂಡ್ಲೇ ಲೈವ್ ವಿಡಿಯೋಗೆ ಜಿಗಿಯುತ್ತೆ. ಇಂಟರ್ನೆಟ್ ಡೇಟಾ ಮತ್ತೆ ಪ್ರೊಸೆಸರ್ ಉಳಿಸೋಕೆ ಒಳ್ಳೇ ಉಪಾಯ, ಬೆಂಗಳೂರಿಂದ ಫೋನಲ್ಲಿ ನೋಡುವಾಗ ನಂಗೆ ಇಷ್ಟನೇ. ಟೀವಿ ಮುಂದೆ ಕೂತೋರಿಗೆ ಇದು ಅರ್ಥ ಆಗಲ್ಲ. ಅಂಗಳ ಖಾಲಿ ಇದೆ, ಚಿತ್ರ ಅಲ್ಲಾಡಲ್ಲ, ಮೂಲೇಲಿ ಗಡಿಯಾರದ ಸೆಕೆಂಡೂ ಓಡಲ್ಲ, ಆಯಿ ಫೋನ್ ಮಾಡಿ "ತಮಾ, ಇದು ನಿಂತೋಯ್ದು ಕಾಣ್ತು" ಅಂತಾಳೆ. ನಿಂತಿಲ್ಲ ಆಯಿ, ಅಂಗಳದಲ್ಲಿ ಏನೂ ಇಲ್ಲ ಅದಕ್ಕೆ ಹಾಗೆ ಅಂತ ಹೇಳಿದ್ರೆ ನಂಬೋದು ಹೇಗೆ, ನಂಬಿಕೆ ಬರೋದೇ ಆ ಸೆಕೆಂಡ್ ಮುಳ್ಳು ಓಡೋದು ಕಂಡ್ರೆ. ಪರಿಹಾರ ಇದೆ: ಕ್ಯಾಮ್ರಾ ಗುಂಪು ಅಂತ ಒಂದು ಮಾಡಿ, ಆ ಗುಂಪಿನ ಸೆಟ್ಟಿಂಗಲ್ಲಿ ಪ್ರತಿ ಕ್ಯಾಮ್ರಾಗೂ ಕಂಟಿನ್ಯುಯಸ್ ಅಂತ ಆರಿಸಿ. 0.15ರಿಂದ ಈ ಆಯ್ಕೆ ಇದೆ. ಎಲ್ಲ ಕ್ಯಾಮ್ರಾ ಒಟ್ಟಿಗೆ ಇರೋ ಮೊದಲ ಪುಟದಲ್ಲಿ ಇದು ನಡೆಯಲ್ಲ, ಗುಂಪೇ ಬೇಕು. ಗುಂಪು ಮಾಡಿದ್ರೆ ಇನ್ನೊಂದು ಲಾಭ, ಚೌಕಗಳನ್ನ ಎಳೆದು ದೊಡ್ಡದು ಚಿಕ್ಕದು ಮಾಡ್ಬಹುದು. ನಾನು ಅಂಗಳದ ಎರಡನ್ನ ದೊಡ್ಡದು ಮಾಡಿ ಕೊಟ್ಟಿಗೆನ ಮೂಲೆಗೆ ತಳ್ಳಿದ್ದೀನಿ, ಅಪ್ಪಂಗೆ ಕೊಟ್ಟಿಗೇನೂ ದೊಡ್ಡದಾಗೇ ಬೇಕಂತೆ, ಆ ಮಾತುಕತೆ ಇನ್ನೂ ಮುಗ್ದಿಲ್ಲ.

ಬರ್ಡ್ಸ್‌ಐ ಅಂತ ಇನ್ನೊಂದು ಇದೆ, ಫ್ರಿಗೇಟೇ ಎಲ್ಲ ಕ್ಯಾಮ್ರಾನೂ ಸೇರಿಸಿ ಒಂದೇ ಚಿತ್ರ ಮಾಡಿ ಕೊಡೋದು. ಹೆಸರು ಕೇಳಿ ಟೀವಿಗೆ ಇದೇ ಸರಿ ಅನ್ಸುತ್ತೆ. ಆದ್ರೆ ಅದು ಮೊದ್ಲಿಂದ ಇರೋ ರೀತೀಲಿ ಯಾವ ಕ್ಯಾಮ್ರಾದಲ್ಲಿ ಮನುಷ್ಯನೋ ದನವೋ ಇದೆಯೋ ಅದನ್ನ ಮಾತ್ರ ತೋರಿಸುತ್ತೆ, ಯಾರೂ ಇಲ್ಲಾಂದ್ರೆ ಫ್ರಿಗೇಟ್ ಲೋಗೋ ಇಟ್ಕೊಂಡು ಖಾಲಿ ಕೂರುತ್ತೆ. ಕಾನ್ಫಿಗಲ್ಲಿ ಮೋಡ್‌ನ ಕಂಟಿನ್ಯುಯಸ್ ಮಾಡಿದ್ರೆ ಎಲ್ಲಾನೂ ಯಾವಾಗ್ಲೂ ಬರುತ್ತೆ. ಅಳತೆ 1280ಕ್ಕೆ 720 ಇರುತ್ತೆ, 43 ಇಂಚಿನ ಟೀವೀಲಿ ಸ್ವಲ್ಪ ಮಸುಕು, ಅದನ್ನೂ ಏರಿಸಬಹುದು. ನಂಗೆ ಬರ್ಡ್ಸ್‌ಐಯಲ್ಲಿ ನಿಜವಾಗ್ಲೂ ಇಷ್ಟ ಆಗಿದ್ದು ಬೇರೆ, ಅದನ್ನ ರೀಸ್ಟ್ರೀಮ್ ಮಾಡಿದ್ರೆ, ಅಂದ್ರೆ ಫ್ರಿಗೇಟಿಂದಲೇ ಮತ್ತೆ ಕಳ್ಸಿದ್ರೆ, ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ಸಂಖ್ಯೆ) 8554ರಲ್ಲಿ ಆರ್‌ಟಿಎಸ್‌ಪಿ ಆಗಿ ಸಿಗುತ್ತೆ, ಆಂಡ್ರಾಯ್ಡ್ ಟೀವೀಲಿ ವಿಎಲ್‌ಸಿ ಪ್ಲೇಯರ್ ಹಾಕ್ಕೊಂಡು ಬ್ರೌಸರೇ ಇಲ್ದೆ ಒಂದು ಸಿನಿಮಾ ನೋಡ್ದಂಗೆ ನೋಡ್ಬಹುದು. ಪೈ ಬೇಡ ಅನ್ನೋರಿಗೆ ಇದು ಅರ್ಧ ದಾರಿ. ಅರ್ಧ ಯಾಕಂದ್ರೆ ಕರೆಂಟ್ ಬಂದ್ಮೇಲೆ ವಿಎಲ್‌ಸಿ ತೆಗೆಯೋರು ಯಾರು, ಮತ್ತದೇ.

ಮೂರನೇ ದಾರಿನೂ ಇದೆ. ಫ್ರಿಗೇಟ್ ಒಳಗೆ ಗೋ2ಆರ್‌ಟಿಸಿ ಅಂತ ಕ್ಯಾಮ್ರಾ ವಿಡಿಯೋ ಹಂಚೋ ಇನ್ನೊಂದು ಸಣ್ಣ ಸರ್ವರ್ ಇರುತ್ತೆ, 0.12ರಿಂದ. ಅದರ ಪೋರ್ಟ್ 1984 ತೆರೆದಿಟ್ರೆ ಅದರದ್ದೇ ಒಂದು ಸ್ಟ್ರೀಮ್ ಪುಟ ಸಿಗುತ್ತೆ, ವಿಳಾಸದಲ್ಲೇ ಯಾವ ಯಾವ ಕ್ಯಾಮ್ರಾ ಬೇಕೋ ಹೆಸರು ಹಾಕ್ತಾ ಹೋದ್ರೆ ಅಷ್ಟೂ ಒಂದೇ ಪುಟದಲ್ಲಿ ಬರುತ್ತೆ, ಮೆನು ಇಲ್ಲ ಗುಂಡಿ ಇಲ್ಲ ಲಾಗಿನ್ ಇಲ್ಲ. ಕಿಯಾಸ್ಕ್ ಮೋಡಲ್ಲಿದ್ರೂ ಫ್ರಿಗೇಟಿನ ಎಡಗಡೆ ಮೆನು ಪಟ್ಟಿ ಮಾತ್ರ ಉಳ್ಕೊಳ್ಳುತ್ತೆ, ಅದು ಕಣ್ಣಿಗೆ ಚುಚ್ಚುತ್ತೆ ಅನ್ನೋರು ಇದನ್ನೇ ಹಾಕ್ಕೊಳ್ಳಿ. ನಾನು ಫ್ರಿಗೇಟಿನ ಪುಟನೇ ಇಟ್ಟೆ, ಚೌಕಗಳನ್ನ ಜೋಡಿಸೋ ಸ್ವಾತಂತ್ರ್ಯ ಅಲ್ಲೇ ಇರೋದು. ಜೊತೆಗೆ ಮನುಷ್ಯ ಬಂದಾಗ ಆ ಚೌಕದ ಸುತ್ತ ಕೆಂಪು ಗೆರೆ ಬರುತ್ತೆ, ಅಪ್ಪ ಪೇಪರ್ ಓದ್ತಾ ಇದ್ರೂ ಕಣ್ಣಂಚಲ್ಲಿ ಗೊತ್ತಾಗುತ್ತೆ.

ಚಿತ್ರದ ಗುಣಮಟ್ಟ ಹೇಗಿದೆ ಅಂತ ಕೇಳಿದ್ರೆ, ಅದು ಫ್ರಿಗೇಟಿನ ಕೈಲಿ ಅರ್ಧ ಕ್ಯಾಮ್ರಾ ಕೈಲಿ ಅರ್ಧ. ಗೋ2ಆರ್‌ಟಿಸಿ ಹೊಂದಿಸದೇ ಹಾಗೇ ಬಿಟ್ರೆ ಜೆಎಸ್‌ಎಂಪೆಗ್ ಅನ್ನೋ ಹಳೇ ವಿಧಾನದಲ್ಲಿ ತೋರಿಸುತ್ತೆ, ಸೆಕೆಂಡಿಗೆ ಹೆಚ್ಚಂದ್ರೆ ಹತ್ತು ಫ್ರೇಮು, ಸದ್ದಿಲ್ಲ. ಹೊಂದಿಸಿದ್ರೆ ಎಂಎಸ್‌ಇ ಅನ್ನೋ ವಿಧಾನದಲ್ಲಿ ಪೂರ್ತಿ ಗುಣಮಟ್ಟ ಬರುತ್ತೆ. ವೆಬ್‌ಆರ್‌ಟಿಸಿ ಅನ್ನೋ ವಿಧಾನ ಇನ್ನೂ ಬೇಗ, ಗೇಟ್ ತೆಗೆದ ಸದ್ದು ಕೇಳಿ ಟೀವಿ ನೋಡಿದ್ರೆ ಆಗಷ್ಟೇ ತೆಗೀತಿರೋದು ಕಾಣುತ್ತೆ, ಅದಕ್ಕೆ 8555 ಪೋರ್ಟ್ ಬೇರೆ ತೆರೀಬೇಕು.

ಟೀವಿಗೆ ಮೇನ್ ಸ್ಟ್ರೀಮ್ (ಕ್ಯಾಮ್ರಾದ ಪೂರ್ತಿ ಅಳತೆ ವಿಡಿಯೋ) ಹಾಕ್ಬೇಡಿ, ಸಬ್ ಸ್ಟ್ರೀಮ್ (ಅದರದ್ದೇ ಸಣ್ಣ ವಿಡಿಯೋ) ಸಾಕು. ಹಿಕ್‌ವಿಷನ್ ಆದ್ರೆ ವಿಳಾಸದ ಕೊನೇಲಿ 101 ಅಂದ್ರೆ ಮೇನ್, 102 ಅಂದ್ರೆ ಸಬ್. ದಾಹುವಾ ಮಾದರಿಯ ವಿಳಾಸ ಇರೋದ್ರಲ್ಲಿ ಸಬ್‌ಟೈಪ್ 0 ಮೇನು, 1 ಸಬ್ಬು. ಸಬ್ ಸ್ಟ್ರೀಮನ್ನ ಎಚ್.264ಗೆ ಇಡಿ, ಎಚ್.265 ಇಟ್ರೆ ಕೆಲವು ಬ್ರೌಸರಲ್ಲಿ ಚೌಕ ಕಪ್ಪಾಗೇ ಉಳಿಯುತ್ತೆ. ಮತ್ತೆ ಕ್ಯಾಮ್ರಾ ಮೆನುವಲ್ಲಿ ಐ-ಫ್ರೇಮ್ ಇಂಟರ್ವಲ್ ಅಂತ ಒಂದು ಅಂಕಿ ಇರುತ್ತೆ, ಯಾರೂ ಮುಟ್ಟಲ್ಲ ಅದನ್ನ. ಬ್ರೌಸರ್ ಚಿತ್ರ ಶುರು ಮಾಡ್ಬೇಕಂದ್ರೆ ಒಂದು ಪೂರ್ಣ ಫ್ರೇಮ್ ಬರೋ ತನಕ ಕಾಯ್ಬೇಕು. ಸೆಕೆಂಡಿಗೆ 15 ಫ್ರೇಮ್ ಇದ್ದು ಆ ಅಂಕಿ 60 ಇದ್ರೆ ನಾಲ್ಕು ಸೆಕೆಂಡ್ ತನಕ ಕಪ್ಪು ಚೌಕ ನೋಡ್ತಾ ಕೂರ್ಬೇಕಾಗುತ್ತೆ. ಫ್ರೇಮ್ ದರ ಎಷ್ಟೋ ಇಂಟರ್ವಲ್ಲೂ ಅಷ್ಟೇ ಇಡಿ ಅಂತ ಫ್ರಿಗೇಟಿನೋರೇ ಹೇಳ್ತಾರೆ. ಜೊತೆಗೆ ಎಚ್.265 ಪ್ಲಸ್, ಸ್ಮಾರ್ಟ್ ಕೋಡೆಕ್ ಅಂತೆಲ್ಲ ಇದ್ರೆ ಆಫ್ ಮಾಡಿ, ಅವು ಡಿಸ್ಕ್ ಉಳಿಸೋಕೆ ಈ ಪೂರ್ಣ ಫ್ರೇಮನ್ನೇ ಅಪರೂಪ ಮಾಡ್ತವೆ.

ಲಾಗಿನ್ ವಿಷಯ. ಫ್ರಿಗೇಟಿಗೆ ಎರಡು ಬಾಗಿಲು, 5000 ಪೋರ್ಟಲ್ಲಿ ಪಾಸ್‌ವರ್ಡ್ ಕೇಳಲ್ಲ, 8971ರಲ್ಲಿ ಕೇಳುತ್ತೆ. ಎರಡನೇದು ತನ್ನದೇ ಸ್ವಂತ ಸರ್ಟಿಫಿಕೇಟ್ ಇಟ್ಕೊಂಡಿರುತ್ತೆ, ಹಾಗಾಗಿ ಬ್ರೌಸರ್ ಮೊದ್ಲು ಇದು ಸುರಕ್ಷಿತ ಅಲ್ಲ ಅಂತ ಕೆಂಪು ಪುಟ ತೋರಿಸಿ ಹೆದರಿಸುತ್ತೆ, ಅದೂ ಅಲ್ದೆ ಲಾಗಿನ್ ಬಾಳಿಕೆ ಸುಮ್ನೆ ಬಿಟ್ರೆ 24 ಗಂಟೆ. ಪೈ ಅಷ್ಟೊತ್ತು ಆಫ್ ಆಗಿದ್ರೆ ಆನ್ ಮಾಡಿದಾಗ ಪಾಸ್‌ವರ್ಡ್ ಡಬ್ಬ ನಿಂತಿರುತ್ತೆ. ಹಾಗಂತ 5000ನ ಮನೆ ವೈಫೈಗೆಲ್ಲ ತೆರೆದಿಡೋದೂ ನಂಗೆ ಸರಿ ಕಾಣಲ್ಲ, ಮನೆಗೆ ಬಂದ ನೆಂಟ್ರ ಮಕ್ಕಳಿಗೆಲ್ಲ ವೈಫೈ ಪಾಸ್‌ವರ್ಡ್ ಗೊತ್ತಿರುತ್ತೆ, ಆ ಪೋರ್ಟಲ್ಲಿ ಹೋದೋರಿಗೆ ಕಾನ್ಫಿಗ್ ಬದಲಾಯಿಸೋ ಅಧಿಕಾರನೂ ಸಿಗುತ್ತೆ. ಪೈಯ ಐಪಿ ಒಂದಕ್ಕೆ ಮಾತ್ರ 5000 ಸಿಗೋ ಹಾಗೆ ಫೈರ್‌ವಾಲಲ್ಲಿ ಕಟ್ಟಿ ಹಾಕಿದೆ. ಅದು ಬೇಡ ಅಂದ್ರೆ 8971ರಲ್ಲೇ ಲಾಗಿನ್ ಬಾಳಿಕೆ ಉದ್ದ ಮಾಡಿ. ಇಂಟರ್ನೆಟ್ಟಿಗಂತೂ ರೂಟರಲ್ಲಿ ಪೋರ್ಟ್ ತೆರೀಲೇಬೇಡಿ, ಹೊರಗಿಂದ ನೋಡೋಕೆ ವಿಪಿಎನ್ ಇದೆ.

ಇನ್ನು ಟೀವಿ ಕಡೆಯ ಕಿರಿಕಿರಿಗಳು. ಚಿತ್ರದ ನಾಲ್ಕೂ ಅಂಚು ಸ್ವಲ್ಪ ಕತ್ತರಿಸಿದ ಹಾಗೆ ಕಂಡ್ರೆ ಅದು ಫ್ರಿಗೇಟಿನ ತಪ್ಪಲ್ಲ, ಟೀವಿ ಓವರ್‌ಸ್ಕ್ಯಾನ್ ಮಾಡ್ತಿದೆ, ಪಿಕ್ಚರ್ ಸೈಜ್ ಮೆನುವಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತ ಏನೋ ಒಂದಿರುತ್ತೆ ಅದನ್ನ ಹಾಕಿ. ಕರೆಂಟ್ ಬಂದಾಗ ತುಂಬಾ ಟೀವಿಗಳು ಸ್ಟ್ಯಾಂಡ್‌ಬೈಯಲ್ಲೇ ಉಳಿತವೆ, ಆಗ ಪೈ ಎದ್ದು ನೋಡಿದ್ರೆ ಎದುರಿಗೆ ಪರದೆನೇ ಇಲ್ಲ ಅನ್ಕೊಂಡು ಚಿತ್ರ ಕಳ್ಸೋದೇ ಬಿಡಬಹುದು. ಅದಕ್ಕೆ ಬೂಟ್ ಸಾಲಲ್ಲಿ ಎಚ್‌ಡಿಎಂಐ ಯಾವಾಗ್ಲೂ ಇದೆ, 1920ಕ್ಕೆ 1080 ಅಂತ ಬಲವಂತ ಮಾಡಿ ಬರೀಬೇಕು. ಆಮೇಲೆ ಟೀವಿನ ಎಬ್ಬಿಸೋದು, ಇದು ಎಚ್‌ಡಿಎಂಐ ಸಿಇಸಿಯಿಂದ, ಅಂದ್ರೆ ಅದೇ ವೈರಲ್ಲಿ ಆಜ್ಞೆ ಕಳ್ಸೋ ವಿಧಾನದಿಂದ ಆಗುತ್ತೆ. ಸ್ಯಾಮ್ಸಂಗ್ ಇದಕ್ಕೆ ಎನಿನೆಟ್ ಪ್ಲಸ್ ಅನ್ನುತ್ತೆ, ಎಲ್‌ಜಿ ಸಿಂಪ್‌ಲಿಂಕ್ ಅನ್ನುತ್ತೆ, ಸೋನಿ ಬ್ರಾವಿಯಾ ಸಿಂಕ್ ಅನ್ನುತ್ತೆ, ಮೆನುವಲ್ಲಿ ಆನ್ ಮಾಡಿ. ಪೈಯಲ್ಲಿ ಸಿಇಸಿ-ಕ್ಲೈಂಟ್ ಅನ್ನೋ ಸಣ್ಣ ಪ್ರೋಗ್ರಾಂ ಹಾಕಿದ್ರೆ ಟೀವಿ ಆನ್ ಆಗು, ನನ್ನ ಎಚ್‌ಡಿಎಂಐಗೆ ಬಾ, ಮಲ್ಕೋ, ಮೂರೂ ಆಜ್ಞೆ ಕೊಡ್ಬಹುದು. ನಾನು ಸಂಜೆ ದೀಪ ಹಚ್ಚೋ ಹೊತ್ತಿಗೆ ತಾನಾಗೇ ಕ್ಯಾಮ್ರಾ ಪುಟ ಬರೋ ಹಾಗೆ, ರಾತ್ರಿ ಮಲಗೋ ಹೊತ್ತಿಗೆ ಆಫ್ ಆಗೋ ಹಾಗೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕೆಲಸ ಮಾಡಿಸೋ ಪ್ರೋಗ್ರಾಂ) ಹಾಕಿದ್ದೆ. ಆಯಿಯ ಧಾರಾವಾಹಿ ನಡುವೆ ಟೀವಿ ತಟ್ಟನೆ ಅಂಗಳಕ್ಕೆ ಹಾರಿದ್ದಕ್ಕೆ ಬಂದ ಬೈಗುಳ ಇಲ್ಲಿ ಬರಿಯಲ್ಲ, ಈಗ ಎಚ್‌ಡಿಎಂಐ ಬದಲಾಯಿಸೋ ಆಜ್ಞೆ ಕರೆಂಟ್ ಬಂದಾಗ ಮಾತ್ರ.

ದಿನಗಟ್ಲೆ ತೆರೆದೇ ಇರೋ ವೆಬ್ ಪುಟ ನಿಧಾನಕ್ಕೆ ಮೆಮೊರಿ ತಿಂತಾ ಹೋಗುತ್ತೆ, ಯಾವ ಪುಟ ಆದ್ರೂ ಅಷ್ಟೇ. ಬೆಳಗಿನ ಜಾವ ಕ್ರೋಮಿಯಂನ ಒಂದ್ಸಲ ಮುಚ್ಚಿ ತೆರೆಯೋ ಹಾಗೆ ಇಡಿ. ಪೈಯ ಎಸ್‌ಡಿ ಕಾರ್ಡು ಕರೆಂಟ್ ಹೊಡೆತಕ್ಕೆ ಹಾಳಾಗೋ ವಸ್ತು, ಅದಕ್ಕೆ ಎಲ್ಲ ಸೆಟ್ಟಿಂಗ್ ಮುಗಿದ್ಮೇಲೆ ರಾಸ್ಪಿ-ಕಾನ್ಫಿಗ್ ಅನ್ನೋ ಪೈಯ ಸೆಟ್ಟಿಂಗ್ ಪ್ರೋಗ್ರಾಂನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ, ಆಮೇಲೆ ಕಾರ್ಡಿಗೆ ಏನೂ ಬರೆಯಲ್ಲ, ಎಷ್ಟು ಸಲ ಕರೆಂಟ್ ಹೋದ್ರೂ ಚಿಂತೆ ಇಲ್ಲ. ಕ್ಯಾಮ್ರಾ ಗುಂಪು, ಕಂಟಿನ್ಯುಯಸ್ ಆಯ್ಕೆ ಎಲ್ಲ ಮಾಡಿದ್ಮೇಲೆ ಆನ್ ಮಾಡಿ ಮತ್ತೆ, ಮೊದ್ಲೇ ಮಾಡಿದ್ರೆ ಪ್ರತಿ ಬೂಟಿಗೂ ಮರ್ತುಹೋಗುತ್ತೆ.

ಕರೆಂಟ್ ಬಿಲ್ಲಿನ ಬಗ್ಗೆ ಅಪ್ಪ ಕೇಳಿದ್ರು, ಎಲ್ರ ಮನೇಲೂ ಕೇಳ್ತಾರೆ. ಪೈಯದ್ದು ಐದಾರು ವ್ಯಾಟ್, ಲೆಕ್ಕಕ್ಕಿಲ್ಲ. ಟೀವಿಯದ್ದೇ ಖರ್ಚು, 80 ವ್ಯಾಟಿನ ಟೀವಿ ಹನ್ನೆರಡು ಗಂಟೆ ಓಡಿದ್ರೆ ಹತ್ತತ್ರ ಒಂದು ಯುನಿಟ್. ಓಎಲ್‌ಇಡಿ ಟೀವಿ ಇರೋರು ಇದನ್ನ ಮಾಡ್ಲೇಬೇಡಿ, ಅಲ್ಲಾಡದ ಚಿತ್ರ ಅದೇ ಜಾಗದಲ್ಲಿ ಗಂಟೆಗಟ್ಲೆ ಇದ್ರೆ ಪರದೆ ಮೇಲೆ ಅಚ್ಚು ಬೀಳುತ್ತೆ, ಸಾದಾ ಎಲ್‌ಇಡಿ ಟೀವಿಗೆ ಆ ಭಯ ಇಲ್ಲ.

ಫ್ರಿಗೇಟಿಗೆ ನಾನು ಕಡಿಮೆ ಅಂಕ ಕೊಡೋದು ಎರಡು ವಿಷಯಕ್ಕೆ. ಒಂದು, ಟೀವಿಗೆ ಅಂತಲೇ ಮೆನು ಇಲ್ಲದ ಒಂದು ಪುಟ ಅವರೇ ಕೊಟ್ಬಿಟ್ರೆ ಇಷ್ಟು ಒದ್ದಾಟ ಇರ್ತಿರ್ಲಿಲ್ಲ. ಎರಡು, ಸೆಟ್ಟಿಂಗ್ ಬರೆಯೋ ಯಾಮೆಲ್ ಫೈಲು, ಒಂದು ಜಾಗ ಬಿಡೋದು ಹೆಚ್ಚುಕಮ್ಮಿ ಆದ್ರೂ ಓಡಲ್ಲ, ಕಂಪ್ಯೂಟರ್ ಕೆಲಸ ಮಾಡದವರು ಒಬ್ರೇ ಕೂತು ಇದನ್ನ ಹೊಂದಿಸೋದು ಕಷ್ಟ ಇದೆ. ಝೋನ್‌ಮೈಂಡರ್ ಅನ್ನೋದು ಇದೇ ಥರದ ಹಳೇ ಸಾಫ್ಟ್‌ವೇರ್, ಅದರಲ್ಲಿ ಎಲ್ಲ ಕ್ಯಾಮ್ರಾ ಒಟ್ಟಿಗೆ ತೋರಿಸೋ ಮೊಂಟಾಜ್ ಪುಟ ಇದೆ, ಟೀವಿಗೆ ಅದು ಇನ್ನೂ ಸಲೀಸು ಅನ್ನೋರಿದ್ದಾರೆ, ಆದ್ರೆ ಮನುಷ್ಯನ್ನ ಗುರುತಿಸೋದರಲ್ಲಿ ಫ್ರಿಗೇಟಿನ ಸುಖ ಅದರಲ್ಲಿಲ್ಲ. ನನ್ನ ಅಂಕ ಐದಕ್ಕೆ ನಾಲ್ಕು, ಕಟ್ಟಿ ಮುಗ್ಸಿದ್ಮೇಲೆ. ಕಟ್ಟುವಾಗ ಕೇಳಿದ್ರೆ ಎರಡು ಅಂತಿದ್ದೆ.

ಊರಲ್ಲಿ ಹಾಕೋರಿಗೆ ಒಂದು ಮಾತು, ಇದು ಸಾಫ್ಟ್‌ವೇರಿಗೆ ಸಂಬಂಧ ಇಲ್ಲ. ಇನ್ವರ್ಟರ್ ಸಾಲಿಗೆ ಬರೀ ಫ್ರಿಗೇಟ್ ಡಬ್ಬಿ ಹಾಕಿದ್ರೆ ಸಾಲಲ್ಲ, ರೂಟರ್ರು ಮತ್ತೆ ಕ್ಯಾಮ್ರಾಗೆ ಕರೆಂಟ್ ಕೊಡೋ ಪಿಒಇ ಸ್ವಿಚ್ಚೂ ಅದೇ ಸಾಲಿಗೆ ಬರ್ಬೇಕು, ಇಲ್ಲಾಂದ್ರೆ ಕರೆಂಟ್ ಹೋದ ರಾತ್ರಿ, ಅಂದ್ರೆ ಕಳ್ಳನಿಗೆ ಬೇಕಾದ ರಾತ್ರಿಯೇ, ರೆಕಾರ್ಡರ್ ಮಾತ್ರ ಎಚ್ಚರ ಇದ್ದು ಕ್ಯಾಮ್ರಾ ಎಲ್ಲ ಮಲಗಿರ್ತವೆ. ಅಂಗಳದ ಕಂಬದಿಂದ ಮನೆಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದ್ರೆ ಏಪ್ರಿಲ್ ಮೇ ಗುಡುಗಿನ ಮಳೇಲಿ ಸಿಡಿಲು ಅದೇ ದಾರಿ ಹಿಡ್ಕೊಂಡು ಸ್ವಿಚ್ಚು ಪಿಸಿ ಟೀವಿ ತನಕ ಬರ್ಬಹುದು. ಆ ಒಂದು ಭಾಗಕ್ಕೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕಿ, ಗಾಜಿನ ಎಳೇಲಿ ಕರೆಂಟ್ ಹರಿಯಲ್ಲ. ಕೇಬಲ್ ತಗೊಳ್ಳುವಾಗ ಒಳಗೆ ಲೋಹದ ತಂತಿ ಇಲ್ಲದ್ದನ್ನೇ ಕೇಳಿ ತಗೊಳ್ಳಿ, ಕೆಲವು ಹೊರಾಂಗಣ ಫೈಬರಿನಲ್ಲಿ ಗಟ್ಟಿ ಇರ್ಲಿ ಅಂತ ಉಕ್ಕಿನ ತಂತಿ ಸೇರಿಸಿರ್ತಾರೆ.